ಸರ್ಕಾರದ ಸೋಲಿಗೊಂದು ಸಂಗ್ರಹಾಲಯ

ರಾಜಧಾನಿಗಳು ಹೊರಗಿನವರಿಗೆ ತೋರಿಸಲು ಬಯಸುವುದು ಸಾಮಾನ್ಯವಾಗಿ ತಮ್ಮ ಗೆಲುವುಗಳನ್ನು. ವಿಜಯದ ಕಮಾನು, ಅರಮನೆ, ಕುದುರೆಯೇರಿದ ಸೇನಾನಿಯ ಪ್ರತಿಮೆ, ಶತ್ರುವಿನಿಂದ ಕಿತ್ತು ತಂದ ಫಿರಂಗಿಗಳ ಸಾಲು. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಲ್ಲೂ ಇವುಗಳಿಗೆ ಕೊರತೆಯಿಲ್ಲ. ಆದರೆ ಆ ನಗರದಲ್ಲಿ ಜನರನ್ನು ಅತಿಯಾಗಿ ಸೆಳೆಯುವ ಸಂಗ್ರಹಾಲಯ ನಿಂತಿರುವುದು ಒಂದು ಸೋಲಿನ ಮೇಲೆ. ಅದು ರಣರಂಗದ ಸೋಲೂ ಅಲ್ಲ. ಒಂದು ಸರ್ಕಾರಿ ಕಾಮಗಾರಿಯ ಸೋಲು. ವಾಸಾ ಎಂಬ ಯುದ್ಧನೌಕೆಯ ಈ ಸಂಗ್ರಹಾಲಯಕ್ಕೆ ಸಾಮಾನ್ಯ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದುಹೋಗುತ್ತಾರೆ. ಪ್ರವಾಸೋದ್ಯಮವೆಂದರೆ ವೈಭವದ ಪ್ರದರ್ಶನ ಎಂದು ನಂಬಿರುವವರು ಇದನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸುವುದು ಒಳ್ಳೆಯದು.

ಕಥೆ ಸರಳವಾದದ್ದು. ದೊರೆ ಎರಡನೇ ಗುಸ್ತಾವ್ ಅಡಾಲ್ಫ್ ಪೋಲೆಂಡಿನೊಡನೆ ಯುದ್ಧದಲ್ಲಿ ತೊಡಗಿದ್ದ. ಬಾಲ್ಟಿಕ್ ಸಮುದ್ರದಲ್ಲಿ ತನ್ನ ಪ್ರಭುತ್ವ ಮೆರೆಸುವಂಥ ನೌಕೆ ಅವನಿಗೆ ಬೇಕಿತ್ತು. 64 ಫಿರಂಗಿಗಳು, ಅವುಗಳಿಗಾಗಿ ಒಂದರ ಮೇಲೊಂದು ಎರಡು ಅಂತಸ್ತುಗಳು, ಮೈತುಂಬ ಬಣ್ಣ ಬಳಿದ ನೂರಾರು ಮರದ ಶಿಲ್ಪಗಳು. 1628ರ ಆಗಸ್ಟ್ 10ರಂದು, ಒಂದು ಭಾನುವಾರ, ದಡದಲ್ಲಿ ನೆರೆದ ಜನರ ಕಣ್ಣೆದುರಿಗೇ ಹಡಗು ಹೊರಟಿತು. ಸುಮಾರು 1,300 ಮೀಟರ್ ಸಾಗಿತು. ಬೀಸಿದ ಗಾಳಿಗೆ ವಾಲಿತು, ತೆರೆದಿದ್ದ ಫಿರಂಗಿ ಕಿಂಡಿಗಳೊಳಗೆ ನೀರು ನುಗ್ಗಿತು, ಬಂದರಿನೊಳಗೇ ಮುಳುಗಿತು. ಸುಮಾರು 30 ಜನ ಸತ್ತರು.

ಮೂರು ದಶಕಗಳಿಗೂ ಮಿಕ್ಕಿ ಕಡತಗಳ ನಡುವೆ ಕಳೆದ ನನ್ನಂಥವನಿಗೆ ಹಡಗು ಮುಳುಗಿದ್ದಕ್ಕಿಂತ ಆಮೇಲೆ ನಡೆದ ವಿಚಾರಣೆಯೇ ಹೆಚ್ಚು ಪರಿಚಿತವೆನಿಸಿತು. ಫಿರಂಗಿಗಳನ್ನು ಸರಿಯಾಗಿ ಕಟ್ಟಿರಲಿಲ್ಲವೇ? ಕಟ್ಟಿದ್ದೆವು. ನಾವಿಕರು ಕುಡಿದಿದ್ದರೇ? ಇಲ್ಲ. ತಳಭಾರಕ್ಕೆ ಹಾಕಬೇಕಾದ ಕಲ್ಲು ಕಡಿಮೆಯಾಗಿತ್ತೇ? ಜಾಗವಿದ್ದಷ್ಟೂ ತುಂಬಿದ್ದೆವು. ಕಟ್ಟಿದವರು ಹೇಳಿದ್ದು, ದೊರೆ ಒಪ್ಪಿದ ಅಳತೆಯಂತೆಯೇ ಕಟ್ಟಿದ್ದೇವೆ ಎಂದು. ಕಾಮಗಾರಿಯನ್ನು ಆರಂಭಿಸಿದ ಮುಖ್ಯ ಶಿಲ್ಪಿ ಹೆನ್ರಿಕ್ ಹೈಬರ್ಟ್ಸನ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಹಾಗಾದರೆ ತಪ್ಪು ಯಾರದು ಎಂದು ಕೇಳಿದಾಗ ಗುತ್ತಿಗೆದಾರರಲ್ಲೊಬ್ಬ ಕೊಟ್ಟ ಉತ್ತರ, ಅದು ದೇವರಿಗೇ ಗೊತ್ತು ಎಂದು. ಯಾರಿಗೂ ಶಿಕ್ಷೆಯಾಗಲಿಲ್ಲ. ಹೊಣೆಯನ್ನು ದೊರೆಯ ಮೇಲೆ ಹೊರಿಸುವಂತಿರಲಿಲ್ಲ, ಸತ್ತವನನ್ನು ಕರೆಸುವಂತಿರಲಿಲ್ಲ. ನಾಲ್ಕು ಶತಮಾನಗಳ ಹಿಂದಿನ ಈ ನಡಾವಳಿಯನ್ನು ಓದುವಾಗ ಭಾಷೆ ಮಾತ್ರ ಬೇರೆ ಎನಿಸಿತು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಹಡಗು ಹೊರಡುವ ಮೊದಲೇ ಅದರ ಸಮತೋಲವನ್ನು ಪರೀಕ್ಷಿಸಲಾಗಿತ್ತು. 30 ನಾವಿಕರನ್ನು ಮೇಲಟ್ಟದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿದರು. ಮೂರು ಸುತ್ತು ಮುಗಿಯುವಷ್ಟರಲ್ಲಿ ಹಡಗು ಎಷ್ಟು ಹೊಯ್ದಾಡಿತೆಂದರೆ, ಅಡ್ಮಿರಲ್ ಫ್ಲೆಮಿಂಗ್ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟ. ಹಡಗನ್ನು ನಿಲ್ಲಿಸಲಿಲ್ಲ. ದೊರೆ ದೂರದ ಶಿಬಿರದಿಂದ ಪತ್ರದ ಮೇಲೆ ಪತ್ರ ಬರೆದು ಅವಸರಪಡಿಸುತ್ತಿದ್ದ. ವಿಷಯ ಗೊತ್ತಿದ್ದವರಿಗೆ ಹೇಳುವ ಅಧಿಕಾರವಿರಲಿಲ್ಲ, ಅಧಿಕಾರವಿದ್ದವರಿಗೆ ಹೇಳುವ ಧೈರ್ಯವಿರಲಿಲ್ಲ. ಸಂಗ್ರಹಾಲಯ ಇದನ್ನು ಯಾವ ಮುಜುಗರವೂ ಇಲ್ಲದೆ ವಿವರಿಸುತ್ತದೆ. ಹಡಗಿನೊಳಗೆ ಸಿಕ್ಕ ಬಡಗಿಗಳ ಅಳತೆಗೋಲುಗಳಲ್ಲಿ ಕೆಲವು ಹನ್ನೆರಡು ಅಂಗುಲದ ಸ್ವೀಡಿಷ್ ಅಡಿಯವು, ಕೆಲವು ಹನ್ನೊಂದು ಅಂಗುಲದ ಆಮ್‌ಸ್ಟರ್‌ಡ್ಯಾಮ್ ಅಡಿಯವು. ಒಂದೇ ಹಡಗನ್ನು ಎರಡು ಅಳತೆಗಳಲ್ಲಿ ಕಟ್ಟಿದ್ದರು!

ಮುಳುಗಿದ ಹಡಗು ಉಳಿದದ್ದು ಪ್ರಕೃತಿಯ ಕೃಪೆ. ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ. ಮರವನ್ನು ತಿಂದುಹಾಕುವ ಹಡಗುಹುಳು ಅಲ್ಲಿ ಬದುಕುವುದಿಲ್ಲ. ಆಂಡರ್ಸ್ ಫ್ರಾನ್ಸೆನ್ 1956ರಲ್ಲಿ ಅದನ್ನು ಪತ್ತೆಹಚ್ಚಿದರು. 1961ರ ಏಪ್ರಿಲ್ 24ರಂದು ಅದು ಮತ್ತೆ ನೀರಿನಿಂದ ಮೇಲೆದ್ದಿತು. ಆದರೆ ಎತ್ತಿದ್ದು ಕೆಲಸದ ಆರಂಭವಷ್ಟೇ. ನೀರು ಕುಡಿದ ಮರ ಒಣಗಿದರೆ ಕುಗ್ಗಿ ಸೀಳುತ್ತದೆ. ಆದ್ದರಿಂದ ನೀರಿನ ಜಾಗದಲ್ಲಿ ಪಾಲಿಎಥಿಲಿನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತು ಸೇರಲೆಂದು ಅದನ್ನು ಹಡಗಿನ ಮೇಲೆ 17 ವರ್ಷ ಸಿಂಪಡಿಸಿದರು. ಈಗಿನ ಕಟ್ಟಡ ಉದ್ಘಾಟನೆಯಾದದ್ದು 1990ರಲ್ಲಿ. ಅಂದರೆ ಹಡಗನ್ನು ಎತ್ತಿದ ಸರ್ಕಾರದಿಂದ ಕಟ್ಟಡ ತೆರೆದ ಸರ್ಕಾರದವರೆಗೆ ಸುಮಾರು ಮೂರು ದಶಕಗಳು. ಅಷ್ಟು ಕಾಲ ಯಾವ ಪಕ್ಷದ ಸರ್ಕಾರವೂ ಇದು ಹಿಂದಿನವರ ಯೋಜನೆ ಎಂದು ಕೈಬಿಡಲಿಲ್ಲ.

ಆಮೇಲೂ ನೆಮ್ಮದಿಯಿಲ್ಲ. 2000ದ ಮಳೆಗಾಲದಂಥ ಬೇಸಿಗೆಯಲ್ಲಿ ಒದ್ದೆ ಬಟ್ಟೆಯ ಪ್ರವಾಸಿಗರು ಕಿಕ್ಕಿರಿದಾಗ ಒಳಗಿನ ತೇವಾಂಶ ಏರಿತು, ಮರದ ಮೇಲೆ ಆಮ್ಲದ ಕಲೆಗಳು ಕಾಣಿಸಿಕೊಂಡವು. ಮರ ಶತಮಾನಗಳ ಕಾಲ ಬಂದರಿನ ಕೊಳಕು ನೀರಿನಿಂದ ಹೀರಿಕೊಂಡಿದ್ದ ಗಂಧಕ ಒಳಗೊಳಗೇ ಗಂಧಕಾಮ್ಲವಾಗುತ್ತಿತ್ತು. ಹವಾನಿಯಂತ್ರಣವನ್ನು ಬದಲಿಸಬೇಕಾಯಿತು. ತುಕ್ಕು ಹಿಡಿದ ಸಾವಿರಾರು ಬೋಲ್ಟುಗಳನ್ನು ತೆಗೆದು ಉತ್ತಮ ಉಕ್ಕಿನವನ್ನು ಹಾಕಬೇಕಾಯಿತು. ಹಡಗು ತನ್ನ ಭಾರಕ್ಕೇ ಕುಸಿಯದಂತೆ ಹೊಸ ಆಧಾರಚೌಕಟ್ಟು ಕೊಡುವ ಕೆಲಸ 2024ರಲ್ಲಿ ಆರಂಭವಾಗಿದೆ. ಉದ್ಘಾಟನೆಯ ಫಲಕದ ಮೇಲೆ ಹೆಸರು ಕೆತ್ತಿಸಲು ಎಲ್ಲರಿಗೂ ಉತ್ಸಾಹ. ಬೋಲ್ಟು ಬದಲಿಸುವ ವೆಚ್ಚಕ್ಕೆ ಮಂಜೂರಾತಿ ಪಡೆಯುವುದು ಎಷ್ಟು ಕಷ್ಟವೆಂದು ಆಯವ್ಯಯ ತಯಾರಿಸಿದವರಿಗೆ ಗೊತ್ತು.

ಈ ವೆಚ್ಚವನ್ನು ಭರಿಸಬೇಕಾದವರು ಯಾರು? ಸ್ವೀಡನ್ನಿನ ರಾಜಕಾರಣ ಈ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿಲ್ಲ. 2005ರಲ್ಲಿ ಸೋಷಿಯಲ್ ಡೆಮಾಕ್ರಾಟ್ ಸರ್ಕಾರ ಹಲವು ರಾಷ್ಟ್ರೀಯ ಸಂಗ್ರಹಾಲಯಗಳಿಗೆ ಪ್ರವೇಶ ಉಚಿತಗೊಳಿಸಿತು. 2007ರಲ್ಲಿ ಬಲಪಂಥೀಯ ಮೈತ್ರಿಕೂಟ ಅದನ್ನು ರದ್ದುಮಾಡಿತು. 2016ರಲ್ಲಿ ಮತ್ತೆ ಉಚಿತ ಪ್ರವೇಶ ಬಂತು. ಆದರೆ ವಾಸಾ ಅದರಿಂದ ಹೊರಗುಳಿಯಿತು. ಅಲ್ಲಿ ವಯಸ್ಕರು ಟಿಕೆಟ್ ಕೊಳ್ಳಬೇಕು, 18 ವರ್ಷದವರೆಗಿನವರಿಗೆ ಮಾತ್ರ ಉಚಿತ. ಇದು ಅಸಂಗತವೆಂದು ಟೀಕಿಸುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ.

ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದನ್ನು ಇಲ್ಲಿ ಅನ್ವಯಿಸಬಹುದು. ಅರ್ಧ ಖಾಲಿಯಿರುವ ಚಿತ್ರಶಾಲೆಗೆ ಇನ್ನೊಬ್ಬ ವೀಕ್ಷಕ ಬಂದರೆ ಸರ್ಕಾರಕ್ಕೆ ತಗಲುವ ಹೆಚ್ಚುವರಿ ವೆಚ್ಚ ಬಹುತೇಕ ಶೂನ್ಯ. ಅಲ್ಲಿ ಶುಲ್ಕ ವಿಧಿಸಿದರೆ ಬರಬಹುದಾಗಿದ್ದವನನ್ನು ವೃಥಾ ತಡೆದಂತಾಗುತ್ತದೆ. ವಾಸಾದ ಸ್ಥಿತಿ ಬೇರೆ. ಜುಲೈ ತಿಂಗಳಲ್ಲಿ ಅಲ್ಲಿಗೆ ಬರುವ ಪ್ರತಿಯೊಬ್ಬನೂ ಇತರರ ಜಾಗವನ್ನು ಆಕ್ರಮಿಸುತ್ತಾನೆ. ಅವನ ಉಸಿರು, ಬೆವರು, ಒದ್ದೆ ಕೊಡೆ ಎಲ್ಲವೂ ಆ ಮರಕ್ಕೆ ಭಾರ. ಬರುವವರಲ್ಲಿ ಹೆಚ್ಚಿನವರು ಸ್ವೀಡನ್ನಿಗೆ ತೆರಿಗೆ ಕಟ್ಟದ ವಿದೇಶಿಯರು. ಅವರು ತಾವು ಉಂಟುಮಾಡುವ ಸವೆತಕ್ಕೆ ತಾವೇ ತೆರುವುದು ನ್ಯಾಯ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿರುವಂತೆ ವಿದೇಶಿಯರಿಗೆ ಪ್ರತ್ಯೇಕ ದರ ಅಲ್ಲಿಲ್ಲ ಎಂಬುದನ್ನೂ ಗಮನಿಸಬೇಕು. ಎಲ್ಲವೂ ಉಚಿತ ಅಥವಾ ಎಲ್ಲಕ್ಕೂ ಶುಲ್ಕ ಎಂಬ ಹಟಕ್ಕಿಂತ ಈ ಬೆರಕೆ ನೀತಿಯೇ ಮೇಲು.

ವಾಸಾ ಇರುವ ಯೂರ್‌ಗಾರ್ಡನ್ ದ್ವೀಪದಲ್ಲೇ ಸ್ಕಾನ್ಸೆನ್ ಇದೆ. ಆರ್ಟರ್ ಹಸೇಲಿಯಸ್ 1891ರಲ್ಲಿ ತೆರೆದ ಬಯಲು ಸಂಗ್ರಹಾಲಯ. ಕೈಗಾರಿಕೆ ಹಳ್ಳಿಗಳನ್ನು ನುಂಗುತ್ತಿದ್ದ ಕಾಲದಲ್ಲಿ ಅವರು ದೇಶದ ಮೂಲೆ ಮೂಲೆಗಳಿಂದ ರೈತರ ಮನೆ, ಕಣಜ, ಗಾಳಿಯಂತ್ರಗಳನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿದರು. ಸಾಮಾನ್ಯರ ಮನೆಯೂ ರಾಷ್ಟ್ರದ ಆಸ್ತಿ ಎಂಬ ದೃಷ್ಟಿ ದೊಡ್ಡದು. ಅದೇ ಹಸೇಲಿಯಸ್ ಉತ್ತರದ ಸಾಮಿ ಜನಾಂಗದ ಕುಟುಂಬಗಳನ್ನೂ ಕರೆತಂದು ಪ್ರೇಕ್ಷಕರೆದುರು ಬಾಳಿಸಿದರು ಎಂಬುದು ಆ ದೃಷ್ಟಿಯ ಇನ್ನೊಂದು ಮುಖ.

ನಗರದ ಜನಾಂಗಶಾಸ್ತ್ರ ಸಂಗ್ರಹಾಲಯದ ಪ್ರಸಂಗ ಇದಕ್ಕಿಂತ ಹಿತವಾದದ್ದು. ಕೆನಡಾದ ಹೈಸ್ಲಾ ಬುಡಕಟ್ಟಿನ ಸ್ಮಾರಕಸ್ತಂಭವೊಂದನ್ನು 1929ರಲ್ಲಿ ಅವರ ಒಪ್ಪಿಗೆಯಿಲ್ಲದೆ ಕಡಿದು ತರಲಾಗಿತ್ತು. ಹೈಸ್ಲಾ ಜನ ದೀರ್ಘಕಾಲ ಕೇಳಿದ ಮೇಲೆ 2006ರಲ್ಲಿ ಅದು ಮರಳಿ ಹೋಯಿತು. ಬದಲಿಗೆ ಅವರೇ ಕೆತ್ತಿಕೊಟ್ಟ ಪ್ರತಿಕೃತಿ ಸ್ಟಾಕ್‌ಹೋಮಿಗೆ ಬಂತು.

ನಗರಸಭಾ ಭವನದ ಹೆಸರಾಂತ ನೀಲಿ ಸಭಾಂಗಣ ಕೆಂಪು ಇಟ್ಟಿಗೆಯದು. ಬಣ್ಣ ಬಳಿಯುವ ಮುನ್ನ ವಾಸ್ತುಶಿಲ್ಪಿ ಮನಸ್ಸು ಬದಲಿಸಿದರು, ಹೆಸರು ಉಳಿಯಿತು. ಹಳೆಯ ಪಟ್ಟಣದಲ್ಲಿ 2001ರಲ್ಲಿ ತೆರೆದ ನೊಬೆಲ್ ಸಂಗ್ರಹಾಲಯದಲ್ಲಿ ನಮ್ಮವರು ಹುಡುಕಿ ನೋಡಬೇಕಾದದ್ದು ಅಮರ್ತ್ಯ ಸೇನ್ ಕೊಟ್ಟ ಹಳೆಯ ಬೈಸಿಕಲ್.

ಇತ್ತೀಚೆಗೆ ಬೆಂಗಳೂರಿನಿಂದಲೂ ನಾರ್ಡಿಕ್ ದೇಶಗಳಿಗೆ ಪ್ಯಾಕೇಜ್ ಪ್ರವಾಸಗಳು ಹೊರಡುತ್ತಿವೆ. ಅವುಗಳ ವೇಳಾಪಟ್ಟಿಯಲ್ಲಿ ವಾಸಾಕ್ಕೆ ದೊರೆಯುವುದು ಒಂದು ಗಂಟೆ. ಮುಕ್ಕಾಲು ಗಂಟೆ ಹಡಗಿನ ಮುಂದೆ ಛಾಯಾಚಿತ್ರ ತೆಗೆಸಿಕೊಳ್ಳುವುದರಲ್ಲಿ ಕಳೆಯುತ್ತದೆ, ಉಳಿದದ್ದು ಅಂಗಡಿಯಲ್ಲಿ. ಹೋಗುವವರು ಮಾರ್ಗದರ್ಶಿಯನ್ನು ಒಪ್ಪಿಸಿ ಇನ್ನೊಂದು ಗಂಟೆ ಪಡೆಯಲಿ. ಆ ಮೂರು ಸುತ್ತಿನ ಓಟದ ವಿವರವನ್ನೂ ವಿಚಾರಣೆಯ ಪ್ರಶ್ನೋತ್ತರಗಳನ್ನೂ ನಿಂತು ಓದಲಿ.