ನೀರಿನಂಥ ಆಯಿಲ್ ಎಂದು ಹೆದರಬೇಕೆ?

ಮಲೆನಾಡಿನಿಂದ ಬಸವಕಲ್ಯಾಣಕ್ಕೆ ಹೊಸ ಕಾರಿನಲ್ಲಿ ಹೊರಡುವ ಸದಸ್ಯ ಬಾಂಧವರಿಗೆ ಒಂದು ದಿಗಿಲಿದೆ. ಕಲಬುರಗಿ ದಾಟಿ ಹುಮನಾಬಾದ್ ಮುಟ್ಟುವಾಗ ಮೇ ತಿಂಗಳ ಬಿಸಿಲು 40 ಡಿಗ್ರಿಯ ಸುಮಾರು. ಎಂಜಿನ್ನಿನಲ್ಲಿರುವುದೋ ನೀರಿನಂತೆ ಸುರಿಯುವ 0ಡಬ್ಲ್ಯು-20. ಈ ಸೆಕೆಗೆ ಅದು ತಡೆದೀತೆ, ಹಳೆಯ 20ಡಬ್ಲ್ಯು-50 ಹಾಕಿಸುವುದೇ ಲೇಸಲ್ಲವೆ ಎಂದು ಕೇಳುತ್ತಾರೆ. ಬೇಡ ಎಂಬುದೇ ನಮ್ಮ ಅಭಿಪ್ರಾಯ.

ಹೊರಗಿನ ಬಿಸಿಲೇ ಆಯಿಲಿನ ಬಿಸಿಯಲ್ಲ. ಥರ್ಮೋಸ್ಟಾಟ್, ರೇಡಿಯೇಟರ್, ಫ್ಯಾನ್ ಸೇರಿ ಎಂಜಿನ್ನಿನ ನೀರನ್ನು ಸುಮಾರು 90 ಡಿಗ್ರಿಯಲ್ಲಿ ಹಿಡಿದಿಡುತ್ತವೆ. ಕೊಪ್ಪದ ಮಳೆಯಲ್ಲೂ ಅಷ್ಟೆ, ಹುಮನಾಬಾದಿನ ಬಿಸಿಲಲ್ಲೂ ಅಷ್ಟೆ. ಡಬ್ಬದ ಮೇಲಿನ ಎರಡನೆಯ ಅಂಕಿ 100 ಡಿಗ್ರಿಯಲ್ಲಿ ಅಳೆದ ಜಿಡ್ಡಿನ ದರ್ಜೆ. 20ರ ಆಯಿಲಿಗೆ ಅದು 6.9ರಿಂದ 9.3 ಸೆಂಟಿಸ್ಟೋಕ್ಸ್, 50ಕ್ಕೆ 16.3ರ ಮೇಲೆ. ಹೊಸ ಎಂಜಿನ್ನಿನ ಬೇರಿಂಗಿನ ಸಂದು, ಆಯಿಲ್ ಪಂಪು ಎಲ್ಲವೂ ತೆಳುವಿಗೆಂದೇ ಅಳೆದು ಮಾಡಿದವು. ಮುಂಜಾನೆ ಸ್ಟಾರ್ಟ್ ಮಾಡಿದಾಗ ಗಟ್ಟಿ ಆಯಿಲ್ ಮೇಲಿನ ಭಾಗಗಳಿಗೆ ತಡವಾಗಿ ಏರುತ್ತದೆ. ಸವೆತ ಹೆಚ್ಚುವುದು ಆಗಲೇ.

ಹಾಗೆಂದು ಕಂಪನಿಗಳು ನಮ್ಮ ಮೇಲಿನ ಮಮತೆಯಿಂದ ಈ ಆಯಿಲ್ ತಂದವೆಂದು ನಂಬಬೇಕಿಲ್ಲ. 2017ರಲ್ಲಿ ಜಾರಿಗೆ ಬಂದು 2022ರಲ್ಲಿ ಬಿಗಿಯಾದ ಇಂಧನ ಮಿತವ್ಯಯದ ನಿಯಮ ಅವರ ಬೆನ್ನ ಹಿಂದಿದೆ. ಉಳಿತಾಯ ಸಣ್ಣದು, ಆದರೆ ಲಕ್ಷಾಂತರ ಕಾರುಗಳ ಲೆಕ್ಕದಲ್ಲಿ ಅದು ಅವರಿಗೆ ದೊಡ್ಡದು. ನಮಗೆ ಉಳಿಯುವುದು ಕಿರಿದಾದ ಅಂಚು. ಐದು ಜನ, ತುಂಬಿದ ಡಿಕ್ಕಿ, ಹೆದ್ದಾರಿಯ ಓಟ: ಹೊರಡುವ ಮುನ್ನ ಕಡ್ಡಿ ಎತ್ತಿ ಮಟ್ಟ ನೋಡಲೇಬೇಕು. ಕೈಪಿಡಿಯಲ್ಲಿ 5ಡಬ್ಲ್ಯು-30ಕ್ಕೂ ಒಪ್ಪಿಗೆಯಿದ್ದರೆ ಅಂಥ ಪ್ರಯಾಣಕ್ಕೆ ಅದನ್ನೇ ಆರಿಸಿಕೊಳ್ಳಬಹುದು. ಒಂದು ಲೀಟರ್ ಜೊತೆಗಿರಲಿ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಬದಿಯ ಅಂಗಡಿಯಲ್ಲಿ ಲಾರಿಯ 15ಡಬ್ಲ್ಯು-40 ಸಿಕ್ಕಷ್ಟು ಸುಲಭವಾಗಿ ನಿಮ್ಮ ದರ್ಜೆ ಸಿಗಲಾರದು. ಆಯಿಲ್ ದೀಪ ಹತ್ತಿದರೆ ಮಾತ್ರ ತಕ್ಷಣ ನಿಲ್ಲಿಸಿ. ಮಟ್ಟ ಇಳಿದಿದ್ದು ಬೇರೇನೂ ಸಿಗದಿದ್ದರೆ ಲಾರಿ ಆಯಿಲೇ ಆಗಲಿ. ಬರಿದಾದ ಎಂಜಿನ್ ಓಡಿಸುವುದಕ್ಕಿಂತ ಅದು ಮೇಲು.

ನಿಜವಾದ ಅಪಾಯ ನಮ್ಮ ತೋಟದ ಮನೆಯಲ್ಲೇ ಇದೆ. ಎರಡು ಮೈಲಿ ದೂರದ ಪೇಟೆಗೆ ಹೋಗಿ ಬರುವ ಕಾರಿನ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ. ಮಳೆಗಾಲದ ತೇವವೂ ಸುಡದೆ ಉಳಿದ ಪೆಟ್ರೋಲೂ ಅದರಲ್ಲೇ ಉಳಿದು, ತೆಳು ಆಯಿಲ್ ಇನ್ನೂ ತೆಳುವಾಗುತ್ತದೆ. ಇಂಥವರು ಕಿಲೋಮೀಟರ್ ತುಂಬಲೆಂದು ಕಾಯದೆ ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು.

ಇನ್ನೊಂದು ಚಾಳಿ: ಪಂಪ್‌ಸೆಟ್ಟಿಗೆ ತಂದ ಡಬ್ಬದಿಂದಲೇ ಜೀಪಿಗೂ ಕಾರಿಗೂ ಸುರಿಯುವುದು. 2020ರ ನಂತರದ ಬಿಎಸ್-6 ಡೀಸೆಲ್ ಗಾಡಿಯ ಹೊಗೆಕೊಳವೆಯ ಫಿಲ್ಟರಿಗೆ ಕಡಿಮೆ ಬೂದಿಯ ಆಯಿಲೇ ಬೇಕು. ಸಾಮಾನ್ಯ ಆಯಿಲಿನ ಬೂದಿ ಅದನ್ನು ಕಟ್ಟಿಹಾಕುತ್ತದೆ, ರಿಪೇರಿಯ ಬಿಲ್ಲು ಒಂದು ಮೂಟೆ ಕಾಫಿಗೆ ಮುಗಿಯುವುದಿಲ್ಲ.

ಸಹಕಾರ ಸಂಘಗಳ ಮಳಿಗೆಯಲ್ಲಿ 20ಡಬ್ಲ್ಯು-40 ಒಂದನ್ನೇ ಪೇರಿಸಿಟ್ಟರೆ ಸಾಲದು. ಸದಸ್ಯರ ಗಾಡಿಗಳ ಪಟ್ಟಿ ಮಾಡಿ, ಬೇಕಾದ ದರ್ಜೆಗಳನ್ನು ತರಿಸಿ, ಯಾವುದು ಯಾವುದಕ್ಕೆಂದು ಕನ್ನಡದಲ್ಲಿ ಬರೆದು ತೂಗುಹಾಕಲಿ. ಕಾರು ಮಾರುವ ಕಂಪನಿಗಳಿಂದಲೂ ಕನ್ನಡದ ಕೈಪಿಡಿಯನ್ನು ನಾವು ಕೇಳಿ ಪಡೆಯಬೇಕು.