ದುಡ್ಡು ಹೋಯ್ತಾ, ಇಲ್ವಾ?

ದರ್ಶಿನಿಯ ಕೌಂಟರಿನ ಮುಂದೆ ಕ್ಯೂಆರ್ ಕೋಡಿಗೆ ಫೋನು ಹಿಡಿದು ನಿಂತಿದ್ದೀರಿ. ಪಿನ್ ಹಾಕಿಯಾಯಿತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ. ‘ರೂಪಾಯಿ ಸ್ವೀಕರಿಸಲಾಗಿದೆ’ ಎನ್ನಬೇಕಾದ ಪೆಟ್ಟಿಗೆ ಬಾಯಿ ಬಿಡುತ್ತಿಲ್ಲ. ಹಿಂದೆ ನಿಂತವರು ಗೊಣಗುತ್ತಿದ್ದಾರೆ. ಆಗ ನಾವೆಲ್ಲ ಮಾಡುವುದು ಒಂದೇ ಕೆಲಸ, ಇನ್ನೊಮ್ಮೆ ಒತ್ತುವುದು. ದೊಡ್ಡ ದೊಡ್ಡ ಗಣಕ ವ್ಯವಸ್ಥೆಗಳು ಮಕಾಡೆ ಮಲಗುವುದರಲ್ಲಿ ಮೊದಲ ದೋಷಕ್ಕಿಂತ ಈ ‘ಇನ್ನೊಮ್ಮೆ’ಯ ಪಾಲೇ ಎಷ್ಟೋ ಸಲ ಹೆಚ್ಚು.

2025ರ ಏಪ್ರಿಲ್ 12, ಶನಿವಾರ, ಯುಪಿಐ ದೇಶದಾದ್ಯಂತ ಹಲವು ಗಂಟೆ ಕುಂಟಿತು. ಅದನ್ನು ನಡೆಸುವ ಎನ್‌ಪಿಸಿಐ ಕಾರಣ ಹುಡುಕಿದಾಗ ಸಿಕ್ಕಿದ್ದು ಕಳ್ಳರ ದಾಳಿಯಲ್ಲ, ‘ಆ ವ್ಯವಹಾರ ಏನಾಯಿತು?’ ಎಂಬ ಪ್ರಶ್ನೆಯ ಮಹಾಪೂರ. ಕೆಲವು ಬ್ಯಾಂಕುಗಳ ಗಣಕಗಳು ಹಳೆಯ ವ್ಯವಹಾರಗಳ ಬಗ್ಗೆಯೂ ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದವು. ಉತ್ತರ ಕೊಡುವುದರಲ್ಲೇ ಸುಸ್ತಾದ ವ್ಯವಸ್ಥೆಗೆ ಹಣ ಸಾಗಿಸಲು ಬಿಡುವಾಗಲಿಲ್ಲ.

ಹಾಗಾದರೆ ಕೇಳುವುದೇ ತಪ್ಪೇ? ಅಲ್ಲ. ನೀವು ಕಳಿಸಿದ ನಲವತ್ತು ರೂಪಾಯಿ ನೇರವಾಗಿ ಹೋಟೆಲಿಗೆ ಹೋಗುವುದಿಲ್ಲ. ಕೋರಿಕೆ ಆ್ಯಪಿನಿಂದ ಅದರ ಹಿಂದಿರುವ ಬ್ಯಾಂಕಿಗೆ, ಅಲ್ಲಿಂದ ಎನ್‌ಪಿಸಿಐಗೆ ಸಾಗುತ್ತದೆ. ಎನ್‌ಪಿಸಿಐ ನಿಮ್ಮ ಖಾತೆಯಿರುವ ಬ್ಯಾಂಕಿಗೆ ಹೇಳಿ ಹಣ ಕಳೆಯಿಸುತ್ತದೆ, ಹೋಟೆಲಿನವರ ಬ್ಯಾಂಕಿಗೆ ಹೇಳಿ ಕೂಡಿಸುತ್ತದೆ. ಇದರ ನಡುವೆ ಎಲ್ಲೋ ಉತ್ತರ ಬರಲಿಲ್ಲವೆನ್ನಿ. ಕೋರಿಕೆ ತಲುಪದೇ ಇರಬಹುದು; ತಲುಪಿ ನಿಧಾನವಾಗಿ ಕೆಲಸ ನಡೆದಿರಬಹುದು; ಕೆಲಸ ಮುಗಿದು, ಮುಗಿಯಿತೆಂಬ ಸುದ್ದಿ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಕಾಯುತ್ತ ಕೂತವರಿಗೆ ಮೂರೂ ಒಂದೇ ಥರ ಕಾಣುತ್ತವೆ. ಒಂದೇ ಯಂತ್ರ ಕೆಟ್ಟರೆ ಕೆಟ್ಟಿತೆಂದು ಗೊತ್ತಾಗುತ್ತದೆ. ಹತ್ತಾರು ಕಡೆ ಹರಡಿದ ವ್ಯವಸ್ಥೆ ಕೆಡುವುದು ಅರ್ಧಂಬರ್ಧ, ಕಷ್ಟವಿರುವುದೂ ಅಲ್ಲಿಯೇ.

ಅದಕ್ಕೇ ಪ್ರತಿ ವ್ಯವಹಾರಕ್ಕೂ ಒಂದು ಸಂಖ್ಯೆ. ಅದೇ ಸಂಖ್ಯೆಯ ಕೋರಿಕೆ ಎರಡು ಸಲ ಬಂದರೂ ಹಣ ಒಮ್ಮೆಯೇ ಕಳೆಯಬೇಕು ಎಂಬುದು ಇಂಥ ವ್ಯವಸ್ಥೆ ಕಟ್ಟುವವರ ಮೊದಲ ಪಾಠ. ಆದರೆ ನೀವೇ ಹೊಸದಾಗಿ ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಅದು ಹೊಸ ಸಂಖ್ಯೆ, ಹೊಸ ವ್ಯವಹಾರ. ಒಂದು ಮಸಾಲೆ ದೋಸೆಗೆ ಎರಡು ಸಲ ದುಡ್ಡು ಕೊಡುವುದು ಹೀಗೆ.

ಅಂತರಜಾಲ ಈ ‘ಇನ್ನೊಮ್ಮೆ’ಯ ಪೆಟ್ಟನ್ನು ಬಹಳ ಹಿಂದೆಯೇ ತಿಂದಿದೆ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಇದ್ದಕ್ಕಿದ್ದಂತೆ ಕುಸಿಯಿತು. ದೂರ ನಾನೂರು ಗಜ, ಅಷ್ಟೇ. ಸೆಕೆಂಡಿಗೆ 32 ಸಾವಿರ ಬಿಟ್ ಸಾಗುತ್ತಿದ್ದ ಕಡೆ 40 ಬಿಟ್ ಸಾಗತೊಡಗಿತು. ಎದ್ದು ನಡೆದುಕೊಂಡು ಹೋಗಿ ಹೇಳಿಬರುವುದೇ ವಾಸಿ! ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ ಹುಡುಕಿ ನೋಡಿದರೆ, ತಂತಿ ಕಡಿದಿರಲಿಲ್ಲ. ಉತ್ತರ ತಡವಾದೊಡನೆ ಪ್ರತಿ ಗಣಕವೂ ಅದೇ ಮಾಹಿತಿಯನ್ನು ಮತ್ತೆ ಕಳಿಸುತ್ತಿತ್ತು. ಅದರಿಂದ ದಟ್ಟಣೆ ಹೆಚ್ಚಿ ಉತ್ತರ ಇನ್ನೂ ತಡವಾಗುತ್ತಿತ್ತು, ಮತ್ತೆ ಕಳಿಸುತ್ತಿತ್ತು. 1988ರಲ್ಲಿ ಅವರು ಪ್ರಕಟಿಸಿದ ಪರಿಹಾರದಲ್ಲಿ ಹೊಸ ತಂತಿಯ ಮಾತಿಲ್ಲ, ನಡತೆಯ ಮಾತಿದೆ: ಮೆಲ್ಲಗೆ ಶುರುಮಾಡು, ದಾರಿ ತೆರವಿದ್ದರೆ ವೇಗ ಏರಿಸು, ಕಳೆದುಹೋದದ್ದು ಕಂಡರೆ ಕೂಡಲೇ ತಗ್ಗಿಸು. ನಿಮ್ಮ ಫೋನು ಇವತ್ತಿಗೂ ಆ ಮರ್ಯಾದೆಯನ್ನೇ ಪಾಲಿಸುತ್ತದೆ.

‘ಸರ್ವರ್ ಜಾಸ್ತಿ ಹಾಕ್ರೀ, ಆಯ್ತು’ ಎನ್ನುವವರಿಗೆ ಇಷ್ಟು ಹೇಳಬೇಕು. ಯಂತ್ರಗಳು ಬೇಕು, ಒಂದು ಊರಿನ ಕೇಂದ್ರ ಬಿದ್ದರೆ ಹೊರಲು ಇನ್ನೊಂದು ಊರಿನದೂ ಬೇಕು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ಎರಡು ಸಾವಿರ ಕೋಟಿ ವ್ಯವಹಾರ ದಾಟಿತು. ಸರಾಸರಿ ತೆಗೆದರೆ ಸೆಕೆಂಡಿಗೆ ಏಳು ಸಾವಿರದ ಮೇಲೆ. ಆದರೆ ಪ್ರತಿಯೊಂದು ವಿಳಂಬಕ್ಕೂ ಹತ್ತು ಪ್ರಶ್ನೆ ಕೇಳುವ ಚಾಳಿ ಉಳಿದರೆ ಎಷ್ಟು ಯಂತ್ರ ಇಟ್ಟರೂ ಸಾಲದು. ಕೇಳುವವರು ಕಾಯಲು ಕಲಿಯಬೇಕು, ಪ್ರತಿ ಸಲ ಮೊದಲಿಗಿಂತ ಹೆಚ್ಚು ಹೊತ್ತು. ಎಲ್ಲರೂ ಒಂದೇ ಗಳಿಗೆಗೆ ಮತ್ತೆ ನುಗ್ಗದಂತೆ ಒಬ್ಬೊಬ್ಬರೂ ಒಂದೊಂದು ಹೊತ್ತು ಕಾಯಬೇಕು. ಉತ್ತರಿಸುವವರಿಗೂ ಹೊರೆ ಮೀರಿದಾಗ ‘ಈಗಾಗದು’ ಎಂದು ಚುರುಕಾಗಿ ಹೇಳುವ ಧೈರ್ಯವಿರಬೇಕು. ಎಲ್ಲರನ್ನೂ ಒಳಗೆ ಬಿಟ್ಟುಕೊಂಡು ಯಾರಿಗೂ ಊಟ ಬಡಿಸದ ಛತ್ರಕ್ಕಿಂತ ಅದು ಮೇಲು.

ಎನ್‌ಪಿಸಿಐ ಮಾಡಿದ್ದೂ ಇದನ್ನೇ. ಬ್ಯಾಂಕುಗಳು ವ್ಯವಹಾರದ ಸ್ಥಿತಿಯನ್ನು ಮೂರೇ ಸಲ, ಅದೂ ಸ್ವಲ್ಪ ಹೊತ್ತು ಬಿಟ್ಟು ಕೇಳಬೇಕು. 2025ರ ಆಗಸ್ಟ್ 1ರಿಂದ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲ ಮಾತ್ರ ಖಾತೆಯಲ್ಲಿರುವ ಹಣ ನೋಡಬಹುದು. ತಾನಾಗಿ ಕಡಿತವಾಗುವ ಕಂತುಗಳು ದಟ್ಟಣೆಯ ಹೊತ್ತು ಬಿಟ್ಟು ನಡೆಯಬೇಕು. ಆಗ ‘ನಮ್ಮ ದುಡ್ಡು ನೋಡೋಕೂ ಲೆಕ್ಕವೇ?’ ಎಂದು ಜನ ಸಿಡುಕಿದರು. ನನ್ನ ಮಟ್ಟಿಗೆ ಇದು ಸರಿಯಾದ ನಿರ್ಧಾರ, ಬಂದದ್ದು ತಡವಾಗಿ ಅಷ್ಟೆ.

ಮುಂದಿನ ಸಲ ಚಕ್ರ ತಿರುಗುತ್ತಲೇ ಇದ್ದರೆ ಹೊಸದಾಗಿ ಪಾವತಿ ಮಾಡಬೇಡಿ. ಎರಡು ನಿಮಿಷ ಬಿಟ್ಟು ಆ್ಯಪಿನ ಇತಿಹಾಸ ನೋಡಿ, 12 ಅಂಕಿಯ ಯುಟಿಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ನಿಮ್ಮ ಖಾತೆಯಿಂದ ಕಳೆದು ಆಚೆಗೆ ತಲುಪದ ಯುಪಿಐ ಹಣ, ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದ ಪ್ರತಿ ದಿನಕ್ಕೂ ₹100 ಪರಿಹಾರ ನಿಮ್ಮ ಹಕ್ಕು.