ಮೋಟಾರಿನ ಬೀಗದಕೈಯೂ ಊರ ಗ್ಯಾರೇಜೂ

ಮೋಟಾರು ಕಾರು ನಮ್ಮ ತಾಲ್ಲೂಕುಗಳಲ್ಲಿ ಶ್ರೀಮಂತರ ಭೋಗವಸ್ತುವಾಗಿ ಉಳಿದಿಲ್ಲ. ಚನ್ನಗಿರಿಯ ಅಡಕೆ ಬೆಳೆಗಾರರು, ಹೊನ್ನಾಳಿಯ ಭತ್ತದ ವರ್ತಕರು, ನ್ಯಾಮತಿಯ ಉಪಾಧ್ಯಾಯರು, ಮಳೆಯನ್ನೇ ನೆಚ್ಚಿದ ಜಗಳೂರು ಸೀಮೆಯಿಂದ ದಾವಣಗೆರೆಗೆ ಹೋಗಿಬರುವ ನೌಕರರು, ಇವರೆಲ್ಲರಿಗೂ ಅದು ಎತ್ತಿನ ಗಾಡಿಯ ಸ್ಥಾನಕ್ಕೆ ಬಂದಿದೆ. ಆದರೆ ಗಾಡಿಯ ಕೀಲು ಮುರಿದರೆ ಊರ ಬಡಗಿಯೋ ಕಮ್ಮಾರನೋ ಅದನ್ನು ಸರಿಪಡಿಸುತ್ತಿದ್ದನಷ್ಟೆ. ಕಾರಿನ ಬೀಗದಕೈ ಕೆಟ್ಟರೆ ಏನು ಮಾಡಬೇಕೆಂಬುದು ಇಂದು ಅನೇಕ ವಿದ್ಯಾವಂತರಿಗೂ ತಿಳಿಯದು. ಗುಂಡಿ ಒತ್ತಿದರೆ ಬಾಗಿಲು ತೆರೆಯದು, ಎಂಜಿನು ಹೊತ್ತಿಕೊಳ್ಳದು. ಕೂಡಲೇ ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಇರುವ ಕಂಪನಿಯ ಅಧಿಕೃತ ವ್ಯಾಪಾರಿಗೆ ಫೋನು ಹೋಗುತ್ತದೆ. ಅಲ್ಲಿಂದ ಬರುವ ಉತ್ತರವು ಸಾವಿರಾರು ರೂಪಾಯಿಗಳ ಲೆಕ್ಕದಲ್ಲಿರುತ್ತದೆ. ಸಣ್ಣ ವಿಷಯವೆಂದು ಕೆಲವರು ನಕ್ಕಾರು. ಒಬ್ಬ ಗೃಹಸ್ಥನು ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಅವನಿಗಿರುವ ಅಧಿಕಾರವು ಎಲ್ಲಿಯವರೆಗೆ ಎಂಬ ಪ್ರಶ್ನೆಯು ಇದರಲ್ಲಿ ಅಡಗಿದೆಯೆಂದು ನಾವು ಭಾವಿಸುತ್ತೇವೆ.

ಈ ಬೀಗದಕೈಯ ಒಳಗುಟ್ಟನ್ನು ಮೊದಲು ಅರಿಯುವುದು ಒಳ್ಳೆಯದು. ನೋಡುವುದಕ್ಕೆ ಒಂದೇ ಆದರೂ ಅದರೊಳಗೆ ಪರಸ್ಪರ ಸಂಬಂಧವಿಲ್ಲದ ಎರಡು ಸಾಧನಗಳಿವೆ. ಒಂದು, ಬಾಗಿಲನ್ನು ದೂರದಿಂದ ತೆರೆದು ಮುಚ್ಚುವ ರೇಡಿಯೋ ಪ್ರೇಷಕ. ಗುಂಡಿ ಒತ್ತಿದಾಗಲೆಲ್ಲ ಇದು ಹೊಸದೊಂದು ಸಂಕೇತವನ್ನು ಕಳುಹಿಸುತ್ತದೆ. ಒಮ್ಮೆ ಬಳಸಿದ ಸಂಕೇತವನ್ನು ಕಾರು ಮತ್ತೆ ಒಪ್ಪದು. ಕಳ್ಳನು ಸಂಕೇತವನ್ನು ಕದ್ದು ಕೇಳಿ ಮರುದಿನ ಬಳಸದಿರಲೆಂದು ಈ ಏರ್ಪಾಡು. ಇದಕ್ಕೆ ಬೇಕಾದ ಶಕ್ತಿಯು 3 ವೋಲ್ಟಿನ ಗುಂಡುಬಿಲ್ಲೆಯಂಥ ಸೆಲ್ಲಿನಿಂದ ಬರುತ್ತದೆ. ಎರಡನೆಯದು, ಎಂಜಿನಿಗೆ ಅನುಮತಿ ಕೊಡುವ ಅತಿ ಸಣ್ಣ ಚಿಪ್ಪು. ಇದಕ್ಕೆ ಸೆಲ್ಲಿನ ಹಂಗಿಲ್ಲ. ಬೀಗದಕೈ ತೂರಿಸುವ ರಂಧ್ರದ ಸುತ್ತ ತಂತಿಯ ಸುರುಳಿಯೊಂದಿದೆ. ಅದರಿಂದಲೇ ಈ ಚಿಪ್ಪು ಶಕ್ತಿಯನ್ನು ಪಡೆದು ತನ್ನ ಗುರುತನ್ನು ಹೇಳುತ್ತದೆ. ಗುರುತು ತಾಳೆಯಾದರೆ ಎಂಜಿನು ಹೊರಡುತ್ತದೆ, ತಾಳೆಯಾಗದಿದ್ದರೆ ಇಲ್ಲ. ಜರ್ಮನಿಯಲ್ಲಿಯೂ ಬ್ರಿಟನ್ನಿನಲ್ಲಿಯೂ 1998ರಿಂದ ಹೊಸ ಕಾರುಗಳಿಗೆ ಇಂಥ ಕಾವಲು ಕಡ್ಡಾಯವಾಯಿತು. ಕ್ರಮೇಣ ಅದು ನಮ್ಮ ದೇಶದ ಕಾರುಗಳಿಗೂ ಬಂದಿತು.

ಈ ಭೇದವನ್ನು ಬಲ್ಲವನು ಅರ್ಧ ಖರ್ಚನ್ನು ಉಳಿಸಿಕೊಳ್ಳಬಲ್ಲನು. ಬಾಗಿಲು ತೆರೆಯದೆ ಎಂಜಿನು ಮಾತ್ರ ಹೊರಡುತ್ತಿದ್ದರೆ ಕೆಟ್ಟಿರುವುದು ಸೆಲ್ಲೋ ಗುಂಡಿಯೋ ಎಂದು ಊಹಿಸಬಹುದು. ಸೆಲ್ಲಿನ ಬೆಲೆ ಕೆಲವು ಹತ್ತು ರೂಪಾಯಿ. ಗಡಿಯಾರದ ಅಂಗಡಿಯಲ್ಲಿ ಸಿಕ್ಕುತ್ತದೆ. ಸವೆದ ಗುಂಡಿಯ ಕೆಳಗಿನ ಪುಟ್ಟ ಸ್ವಿಚ್ಚನ್ನು ಬದಲಿಸುವ ಬೆಸುಗೆಯ ಕೆಲಸವು ಮೊಬೈಲ್ ರಿಪೇರಿಯ ಹುಡುಗನಿಗೆ ನೀರು ಕುಡಿದಷ್ಟು ಸುಲಭ. ಹೊರಗವಚವು ಒಡೆದಿದ್ದರೆ ಒಳಗಿನ ಹಲಗೆಯನ್ನೂ ಚಿಪ್ಪನ್ನೂ ಹೊಸ ಕವಚಕ್ಕೆ ಸಾಗಿಸಿದರೆ ಸಾಕು. ಆ ಕಡಲೆಯಷ್ಟು ಚಿಪ್ಪನ್ನು ಹಳೆಯ ಕವಚದೊಡನೆ ಕಸಕ್ಕೆ ಎಸೆಯದಿರುವಷ್ಟು ಜಾಗ್ರತೆ ಬೇಕು. ಬೀಗದಕೈಯನ್ನು ಜೇಬಿನಲ್ಲಿಟ್ಟು ಸ್ವಿಚ್ಚು ಒತ್ತಿ ಹೊರಡಿಸುವ ಹೊಸ ಮಾದರಿಗಳಲ್ಲಿಯೂ ಸೆಲ್ಲು ಸತ್ತ ಮಾತ್ರಕ್ಕೆ ಕಾರು ಸಾಯುವುದಿಲ್ಲ. ಅವುಗಳ ಹೊಟ್ಟೆಯೊಳಗೆ ಸಾಧಾರಣವಾಗಿ ಲೋಹದ ಕೈಯೊಂದು ಅಡಗಿರುತ್ತದೆ, ಅದರಿಂದ ಬಾಗಿಲು ತೆರೆಯಬಹುದು. ಅನಂತರ ಬೀಗದಕೈಯನ್ನು ಸ್ವಿಚ್ಚಿಗೋ ಕೈಪಿಡಿಯು ತೋರಿಸಿದ ಜಾಗಕ್ಕೋ ತಾಗಿಸಿ ಹಿಡಿದರೆ ಬಹುತೇಕ ಕಾರುಗಳು ಹೊರಡುತ್ತವೆ. ಕೈಪಿಡಿಯನ್ನು ಓದುವ ಪದ್ಧತಿ ನಮ್ಮಲ್ಲಿ ಕಡಿಮೆ. ಪಂಚಾಂಗವನ್ನು ನೋಡಿ ಕಾರನ್ನು ಮನೆಗೆ ತರುವವರು ಕೈಪಿಡಿಯನ್ನು ಡಬ್ಬಿಯಿಂದ ಹೊರಗೆ ತೆಗೆಯುವುದೇ ಇಲ್ಲ.

ಎಂಜಿನೇ ಹೊರಡದಿದ್ದಾಗ, ಅಥವಾ ಇದ್ದ ಬೀಗದಕೈಗಳೆರಡೂ ಕಳೆದುಹೋದಾಗ, ಪ್ರಶ್ನೆ ಕಠಿಣವಾಗುತ್ತದೆ. ಹೊಸ ಚಿಪ್ಪಿನ ಗುರುತನ್ನು ಕಾರಿನ ಸ್ಮರಣೆಯಲ್ಲಿ ಬರೆಯಬೇಕು. ಅದಕ್ಕೆ ಕಾರೂ ಯಂತ್ರವೂ ಒಂದೆಡೆ ಕೂಡಬೇಕು. ಅನೇಕ ಕಾರುಗಳಿಗೆ ಕಂಪನಿಯ ಗುಪ್ತಸಂಖ್ಯೆಯೂ ಬೇಕು. ಜಗಳೂರಿನಿಂದ ದಾವಣಗೆರೆಗೆ ಸುಮಾರು 50 ಕಿಲೋಮೀಟರು. ಮಿಸುಕದ ಕಾರನ್ನು ಬೇರೊಂದು ವಾಹನದ ಮೇಲೆ ಹೇರಿ ಅಷ್ಟು ದೂರ ಒಯ್ಯುವ ವೆಚ್ಚವು ಬೀಗದಕೈಯ ಬೆಲೆಯ ಮೇಲೆ ಬೀಳುತ್ತದೆ. ಆ ದಿನದ ಕೆಲಸ ಕೆಟ್ಟದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಂತ್ರವನ್ನು ಹಿಡಿದು ಕಾರಿದ್ದ ಕಡೆಗೇ ಬರುವ ಸ್ವತಂತ್ರ ಕುಶಲಕರ್ಮಿಯ ಉಪಯೋಗ ಇಲ್ಲಿ ಎದ್ದು ಕಾಣುತ್ತದೆ.

ಆದರೆ ಅವನ ಕೈಗೆ ಸಾಧನವು ಸಿಕ್ಕಬೇಡವೆ? ನಮ್ಮ ನಾಡಿನ ಗ್ಯಾರೇಜುಗಳವರು ಕುಶಲತೆಯಲ್ಲಿ ಯಾರಿಗೂ ಕಡಿಮೆಯಲ್ಲ. ಅವರಿಗೆ ಕೊರತೆಯಾದುದು ತಿಳಿವಳಿಕೆಯ ಹಂಚಿಕೆ. ಈ ಅನ್ಯಾಯವನ್ನು ಭಾರತದ ಸ್ಪರ್ಧಾ ಆಯೋಗವು ಬಹು ಹಿಂದೆಯೇ ಗುರುತಿಸಿತು. ಒಬ್ಬ ಗ್ರಾಹಕರು 2011ರಲ್ಲಿ ಕೊಟ್ಟ ದೂರಿನ ಮೇಲೆ ವಿಚಾರಣೆ ನಡೆದು, 2014ರ ಆಗಸ್ಟ್ 25ರಂದು ಆಯೋಗವು 14 ಕಾರು ಕಂಪನಿಗಳ ಮೇಲೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡವನ್ನು ವಿಧಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಯಂತ್ರಗಳನ್ನೂ ತಮ್ಮ ಅಧಿಕೃತ ವ್ಯಾಪಾರಿಗಳಿಗೆ ಮಾತ್ರ ಕೊಟ್ಟು, ಬಯಲ ಗ್ಯಾರೇಜುಗಳಿಗೆ ನಿರಾಕರಿಸಿದರೆಂಬುದು ಮುಖ್ಯ ಆರೋಪ. ದಂಡಕ್ಕಿಂತಲೂ ಆಜ್ಞೆಯ ಉಳಿದ ಭಾಗವು ನಮಗೆ ಹೆಚ್ಚು ಮುಖ್ಯ. ಸ್ವತಂತ್ರ ಗ್ಯಾರೇಜುಗಳ ಕೆಲಸಕ್ಕೆ ಕಂಪನಿಗಳು ಅಡ್ಡಿಮಾಡಕೂಡದು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯು ಸಾರಾಸಗಟಾಗಿ ರದ್ದೆಂಬ ಷರತ್ತನ್ನು ಹಾಕಕೂಡದು. ಹೊರಗಿನ ಕೆಟ್ಟ ಕೆಲಸದಿಂದ ಯಾವ ಹಾನಿಯಾಯಿತೋ ಅದರ ಮಟ್ಟಿಗೆ ಮಾತ್ರ ವಾರಂಟಿಯನ್ನು ನಿರಾಕರಿಸಬಹುದು ಎಂದು ಆಯೋಗವು ಸ್ಪಷ್ಟವಾಗಿ ಹೇಳಿತು. ಮೇಲ್ಮನವಿಗಳು ಹೋದುವು; 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಧಿಕರಣವು ತನ್ನ ಮುಂದಿದ್ದ ಕಂಪನಿಗಳ ಮಟ್ಟಿಗೆ ದಂಡವನ್ನು ಇಳಿಸಿತಾದರೂ ತಪ್ಪು ತಪ್ಪೇ ಎಂದಿತು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ವಿಚಾರವಾಗಿ ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಮೋಟಾರು ವಾಹನಗಳೂ ರೈತರ ಯಂತ್ರಗಳೂ ಅದರ ವ್ಯಾಪ್ತಿಗೆ ಸೇರಿದುವು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಜನರು 2012ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ, ಈ ಹಕ್ಕಿಗಾಗಿ ಮತದಾನವನ್ನೇ ಮಾಡಿದರು. ಅಲ್ಲಿ ಶಾಸನವಿದೆ, ನಮ್ಮಲ್ಲಿ ಇರುವುದು ಆಜ್ಞೆ, ಸಮಿತಿ, ಜಾಲತಾಣ.

ಅಧಿಕೃತ ವ್ಯಾಪಾರಿಗಳ ಪಕ್ಷದಲ್ಲಿ ಹೇಳಬೇಕಾದುದಿಲ್ಲವೆಂದಲ್ಲ. ಗುಪ್ತಸಂಖ್ಯೆಯನ್ನು ಕಂಡಕಂಡವರಿಗೆ ಕೊಟ್ಟರೆ ಕಳ್ಳರಿಗೆ ಹಬ್ಬವಾಗುವುದೆಂಬ ಅವರ ವಾದವು ಹುಸಿಯಲ್ಲ. ವಾರಂಟಿಯ ಅವಧಿಯಲ್ಲಿ ಬೀಗದಕೈ ತಾನಾಗಿ ಕೆಟ್ಟರೆ ಮೊದಲು ಅವರಲ್ಲಿಗೆ ಹೋಗುವುದೇ ಜಾಣತನ. ತಯಾರಿಕೆಯ ದೋಷಕ್ಕಾಗಿ ಕಂಪನಿಯು ಕಾರುಗಳನ್ನು ಹಿಂದಕ್ಕೆ ಕರೆದಾಗ ಆ ಕೆಲಸವು ಉಚಿತವಾಗಿ ಅಲ್ಲಿಯೇ ಆಗಬೇಕು. ಆದರೆ ಕಳ್ಳರ ಭಯವು ಏಕಸ್ವಾಮ್ಯಕ್ಕೆ ಸಮರ್ಥನೆಯಾಗಲಾರದು. ಬಂದೂಕಿನ ವ್ಯಾಪಾರಿಗೆ ಲೈಸೆನ್ಸು ಕೊಡಬಲ್ಲ ಸರ್ಕಾರವು ಬೀಗದಕೈ ಬರೆಯುವವನ ಹೆಸರನ್ನು ದಾಖಲೆಮಾಡಿಕೊಳ್ಳಲಾರದೆ? ಅವನು ಕಾರಿನ ನೋಂದಣಿ ಪತ್ರವನ್ನೂ ಮಾಲೀಕನ ಗುರುತನ್ನೂ ನೋಡಿ, ಪ್ರತಿಯೊಂದು ಕೆಲಸವನ್ನೂ ಪುಸ್ತಕದಲ್ಲಿ ಬರೆದಿಟ್ಟು, ಕೇಳಿದಾಗ ಪೊಲೀಸರಿಗೆ ತೋರಿಸುವಂತೆ ನಿಯಮಿಸಿದರೆ ಕಳ್ಳನಿಗೂ ಕಡಿವಾಣ, ಗೃಹಸ್ಥನಿಗೂ ಅನುಕೂಲ. ನೋಂದಣಿ ಪತ್ರವನ್ನು ಕೇಳದೆ ಕೆಲಸಕ್ಕೆ ಕೈಹಾಕುವ ಗ್ಯಾರೇಜಿಗೆ ನಮ್ಮ ವಾಚಕರು ಕಾರನ್ನು ಒಪ್ಪಿಸಬಾರದೆಂದು ಈಗಲೇ ಹೇಳುತ್ತೇವೆ.

ಮಾಡಬೇಕಾದ ಕೆಲಸವು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಮಾತ್ರ ಇಲ್ಲ. ಸ್ವತಂತ್ರ ಗ್ಯಾರೇಜಿನವರಿಗೆ ಶಿಕ್ಷಣವನ್ನು ಏರ್ಪಡಿಸಬಹುದೆಂಬ ಮಾತು 2014ರ ಆಜ್ಞೆಯಲ್ಲಿಯೇ ಇದೆ. ದಾವಣಗೆರೆಯು ಜಿಲ್ಲೆಯಾದುದು 1997ರಲ್ಲಿ. ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದುದು ಇತ್ತೀಚೆಗೆ. ಕಚೇರಿಗಳು ಹೆಚ್ಚಿದಂತೆ ಕಸುಬುಗಳ ಶಿಕ್ಷಣವೂ ತಾಲ್ಲೂಕಿಗೆ ಬರಬೇಡವೆ? ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಮೋಟಾರು ಮೆಕ್ಯಾನಿಕ್ ವಿದ್ಯೆಯನ್ನು ಕಲಿಯುವ ತರುಣರಿಗೆ ಕಾರಿನ ಇಲೆಕ್ಟ್ರಾನಿಕ್ ಭಾಗವನ್ನು ಯಂತ್ರಸಮೇತ ಹೇಳಿಕೊಡಬೇಕು. ಯಂತ್ರದ ಬೆಲೆಯು ಒಬ್ಬನಿಗೆ ಭಾರವಾದರೆ ನಾಲ್ಕಾರು ಗ್ಯಾರೇಜಿನವರು ಕೂಡಿ ಕೊಳ್ಳಲಿ. ಅಡಕೆಯ ಮಾರಾಟವನ್ನು ಸಹಕಾರ ಸಂಘದ ಮೂಲಕ ನಡೆಸಿ ತೋರಿಸಿದ ಚನ್ನಗಿರಿಯವರಿಗೆ ಈ ದಾರಿಯನ್ನು ನಾವು ಕಲಿಸಬೇಕಾದುದಿಲ್ಲ.

ಇನ್ನು ಕಾರುಳ್ಳವರಿಗೆ. ಎರಡನೆಯ ಬೀಗದಕೈಯನ್ನು ಪೆಟ್ಟಿಗೆಯಲ್ಲಿಟ್ಟು ಮರೆಯದೆ ಆಗಾಗ ಪರೀಕ್ಷಿಸಿ ನೋಡಿರಿ. ಒಂದು ಕಳೆದೊಡನೆ, ಉಳಿದದ್ದೂ ಕಳೆಯುವ ಮುನ್ನ, ಮತ್ತೊಂದನ್ನು ಮಾಡಿಸಿರಿ, ಏಕೆಂದರೆ ಒಂದಾದರೂ ಕೈಯಲ್ಲಿದ್ದಾಗ ಕೆಲಸವು ಸುಲಭ, ವೆಚ್ಚವೂ ಕಡಿಮೆ. ಕಾರು ಕಳವಾದಾಗ ವಿಮಾ ಕಂಪನಿಯವರು ಎರಡು ಬೀಗದಕೈಗಳನ್ನೂ ಕೇಳುವುದು ವಾಡಿಕೆ; ಆದುದರಿಂದ ಕಳೆದ ಬೀಗದಕೈಗೆ ಪೊಲೀಸು ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿಯನ್ನು ಇಟ್ಟುಕೊಳ್ಳಿರಿ. ಹಳೆಯ ಕಾರನ್ನು ಕೊಳ್ಳುವವರು ಎರಡೂ ಬೀಗದಕೈಗಳನ್ನು ಕೇಳಿ ಪಡೆಯಲಿ. ಒಂದೇ ಕೊಟ್ಟರೆ ಬೆಲೆಯಲ್ಲಿ ಅಷ್ಟನ್ನು ಮುರಿದುಕೊಂಡು, ಕಾರಿನ ಸ್ಮರಣೆಯಲ್ಲಿರುವ ಹಳೆಯ ಗುರುತುಗಳನ್ನು ಅಳಿಸಿ ಹೊಸದಾಗಿ ಬರೆಯಿಸಿಕೊಳ್ಳಲಿ. ಗ್ಯಾರೇಜು ಯಾರದೇ ಆಗಿರಲಿ, ಕೆಲಸಕ್ಕೆ ಮುಂಚೆ ಅಂದಾಜನ್ನೂ ಮುಗಿದ ಮೇಲೆ ರಸೀದಿಯನ್ನೂ ಬರಹದಲ್ಲಿ ಪಡೆಯಬೇಕು. ಹೊರಗೆ ಕೆಲಸ ಮಾಡಿಸಿದ ಕಾರಣವೊಂದನ್ನೇ ಹೇಳಿ ಅಧಿಕೃತ ವ್ಯಾಪಾರಿಯು ವಾರಂಟಿಯನ್ನು ನಿರಾಕರಿಸಿದರೆ, ಆ ನಿರಾಕರಣೆಯನ್ನೂ ಕಾಗದದ ಮೇಲೆ ಕೇಳಿರಿ. ಜಿಲ್ಲಾ ಗ್ರಾಹಕ ಆಯೋಗದ ಮುಂದೆ ದೂರು ಕೊಡುವಾಗ ಆ ಕಾಗದವು ಕೈಯಲ್ಲಿರಬೇಕು.